ಮೂರನೇ ಇಂಜೆಕ್ಟರ್ ಮತ್ತು ನಮ್ಮ ಮಾವ

ಮೂರು ವರ್ಷ ನಿಂತೇ ಇದ್ದ ನಮ್ಮ ಕೆಂಪು ಕಾರು, ಮಾಜ್ದಾ ಮಿಯಾಟಾ, ಕಳೆದ ಭಾನುವಾರ ಬೆಳಗ್ಗೆ ನಾಲ್ಕೂ ಸಿಲಿಂಡರಿನಲ್ಲಿ ಓಡಿತು. ಅದರ ವಿಡಿಯೋ ನೋಡಿ ಫೋನ್ ಮಾಡಿದವರು, ಮೆಸೇಜ್ ಹಾಕಿದವರು ಬಹಳ ಜನ. ಎಲ್ಲರಿಗೂ ಬೇರೆ ಬೇರೆ ಬರೆಯಲು ಕೂತೆ. ಬರೆದದ್ದೆಲ್ಲ ಒಬ್ಬರ ಬಗ್ಗೆಯೇ, ನಮ್ಮ ಮಾವನ ಬಗ್ಗೆಯೇ ಆಗುತ್ತಿತ್ತು. ಅದಕ್ಕೇ ಒಂದೇ ಸಲ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷ ನಮ್ಮ ಮನೆಯಲ್ಲಿ ಏನೇನಾಯಿತು, ಫೆಬ್ರವರಿಯಲ್ಲಿ ಅಮ್ಮ ಹೇಗೆ ಹೋದರು ಅನ್ನೋದನ್ನೆಲ್ಲ ಮತ್ತೆ ಹೇಳುವುದಿಲ್ಲ. ಅಮ್ಮನಿಗಾಗಿ ಡೆಟ್ರಾಯ್ಟಿಗೂ ಶಿವಮೊಗ್ಗಕ್ಕೂ ಓಡಾಡಿದ್ದೇ ಆಯಿತು. ಕಾರು ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೇ ಇತ್ತು. ಇಲ್ಲಿ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರವರೆಗೆ ಎಥನಾಲ್ ಇರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಹಗುರವಾದದ್ದು ಆರಿ ಹೋಗುತ್ತದೆ, ಉಳಿದದ್ದು ಅಂಟಂಟಾಗಿ ಕೂರುತ್ತದೆ. ಕೂರುವುದು ಎಲ್ಲಿ ಅಂದರೆ, ಎಂಜಿನ್ನಿಗೆ ಪೆಟ್ರೋಲ್ ಸಿಡಿಸುವ, ಕೂದಲೆಳೆಯಷ್ಟು ಸಂದಿ ಇರುವ ಇಂಜೆಕ್ಟರಿನ ಬಾಯಲ್ಲಿ. ಸಿಲಿಂಡರಿಗೆ ಒಂದರಂತೆ ಇಂಥವು ನಾಲ್ಕು.

ಈ ಗಾಡಿ 1991ರದ್ದು. 1.6 ಲೀಟರ್ ಎಂಜಿನ್, 116 ಕುದುರೆ ಶಕ್ತಿ, ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ. ಮಾಜ್ದಾದವರು 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ತೋರಿಸಿದ ಮಾದರಿ. 2014ರಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ, "ಇಬ್ಬರೇ ಕೂರೋ ಕಾರು ಯಾಕೋ ನಿಂಗೆ?" ಅಂತ ಕೇಳಿದ್ದರು. ಆಮೇಲೆ ದಿನಾ ಸಂಜೆ ತಲೆಗೆ ಶಾಲು ಸುತ್ತಿಕೊಂಡು ತಾವೇ ಮೊದಲು ಹೋಗಿ ಕೂತಿರುತ್ತಿದ್ದರು. ಮಕ್ಕಳಿಗೆ ಜಾಗ ಇಲ್ಲ, ನಿನಗೆ ಮತ್ತು ನನಗೆ ಮಾತ್ರ ಅಂತ ನಗುತ್ತಿದ್ದರು.

ಈ ವರ್ಷ ಏಪ್ರಿಲ್‌ನಲ್ಲಿ ಮಾವ, ಅಂದರೆ ನನ್ನ ಹೆಂಡತಿಯ ಅಪ್ಪ, ದಾವಣಗೆರೆಯಿಂದ ಬಂದರು. ನಲವತ್ತು ವರ್ಷ ಅವರು ಲಾರಿ, ಬಸ್ಸುಗಳ ಡೀಸೆಲ್ ಪಂಪು ಮತ್ತು ಡೀಸೆಲ್ ಸಿಡಿಸುವ ನಾಜಲ್ ರಿಪೇರಿ ಮಾಡಿದವರು. ಆ ಊರಿನ ಡ್ರೈವರ್‌ಗಳಿಗೆ ಮೈಕೋ ಪಂಪು ಅಂದರೆ ಮಾವನ ಅಂಗಡಿ. ಆ ಪಂಪು ಮಾಡುವ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿದ ಮೇಲೂ ಅವರ ಬಾಯಲ್ಲಿ ಅದು ಮೈಕೋನೇ. ಅಂಗಡಿ ಮುಚ್ಚಿ ಆರು ವರ್ಷ ಆಗಿದೆ. ಬಂದ ಎರಡನೇ ದಿನವೇ ಗ್ಯಾರೇಜಿಗೆ ಹೋಗಿ ಹೊದಿಕೆ ಎತ್ತಿ ನೋಡಿದರು. "ಇದನ್ನ ಹಿಂಗ್ ನಿಲ್ಸಬಾರದ್ರೀ," ಅಂದರು. ಅಷ್ಟೇ.

ಹಳೆ ಪೆಟ್ರೋಲ್ ಖಾಲಿ ಮಾಡಿದೆವು, ಫಿಲ್ಟರ್ ಬದಲಿಸಿದೆವು, ಹೊಸ ಬ್ಯಾಟರಿ ಹಾಕಿದೆವು. ಕಾರು ಸ್ಟಾರ್ಟ್ ಆಯಿತು, ಆದರೆ ಕುಂಟುತ್ತಿತ್ತು. ತೋರಿಸಿದ ಒಂದು ವರ್ಕ್‌ಶಾಪಿನವರು ಎಂಜಿನ್ನೇ ಹೋಗಿದೆ, ಬಿಡಿಭಾಗಕ್ಕೆ ಮಾರಿಬಿಡಿ ಅಂದರು. ಮಾವ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಇಂಜೆಕ್ಟರಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಒಂದು, ಎರಡು, ನಾಲ್ಕು ಟಿಕ್ ಟಿಕ್ ಅನ್ನುತ್ತಿದ್ದವು. ಮೂರನೆಯದು ಸುಮ್ನಿತ್ತು. ಅದರ ವೈರ್ ಕಿತ್ತು ನೋಡಿದರೆ ಎಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಮೀಟರ್ ಹಿಡಿದೆ, 13.8 ಓಮ್. 12ರಿಂದ 16ರ ಒಳಗಿದ್ದರೆ ಸರಿ. ಅಂದರೆ ಒಳಗಿನ ಕಾಯಿಲ್ ಚೆನ್ನಾಗಿದೆ, ಅದು ಎತ್ತಿ ಬಾಯಿ ತೆರೆಯಬೇಕಾದ ಸೂಜಿ ಅಂಟಿಕೊಂಡಿದೆ. ಟ್ಯಾಂಕಿಗೆ ಕ್ಲೀನರ್ ಬಾಟಲಿ ಸುರಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳಿದ್ದಿರಿ. ಸ್ವಲ್ಪ ಕೊಳೆ ಇದ್ದರೆ ಸಾಕು. ಬಾಯಿ ಪೂರ್ತಿ ಮುಚ್ಚಿದ ಇಂಜೆಕ್ಟರಿನಲ್ಲಿ ಕ್ಲೀನರ್ ಹಾದು ಹೋಗುವುದಾದರೂ ಹೇಗೆ?

ನಾಲ್ಕನ್ನೂ ಬಿಚ್ಚಿ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು ಹರಿವು ಅಳೆದು ಕೊಡುವವರಿಗೆ ಕಳಿಸಿದೆವು. ಹತ್ತು ದಿನಕ್ಕೆ ವಾಪಸ್ ಬಂದವು, ಜೊತೆಗೆ ಒಂದು ಕಾಗದ. ತೊಳೆಯುವ ಮುಂಚೆ ಮೂರನೆಯದರ ಎದುರು ಸೊನ್ನೆ, ತೊಳೆದ ಮೇಲೆ ನಾಲ್ಕೂ ಹೆಚ್ಚುಕಮ್ಮಿ ಒಂದೇ. ಮಾವ ಆ ಕಾಗದವನ್ನು ಎಷ್ಟು ಹೊತ್ತು ನೋಡಿದರೋ. ತಮ್ಮ ಕಾಲದಲ್ಲಿ ನಾಜಲನ್ನು ಕೈಪಂಪಿಗೆ ಸಿಕ್ಕಿಸಿ 200 ಬಾರ್ ಹತ್ತಿರ ಒತ್ತಿ, ಮಂಜಿನ ಹಾಗೆ ಸಿಡಿಯುತ್ತಾ ಅಂತ ಕಣ್ಣಲ್ಲೇ ನೋಡುತ್ತಿದ್ದೆವು ಅಂದರು. ಇದರಲ್ಲಿ ಇರುವ ಒತ್ತಡ 3 ಬಾರ್ ಆಸುಪಾಸು. "ನಮ್ದು ಒತ್ತಡಕ್ಕ ತೆರೀತಿತ್ತು, ಇದು ಕರೆಂಟಿಗೆ ತೆರೀತತಿ. ಆದ್ರ ಕೊಳೆಗೆ ಎರಡೂ ಒಂದ," ಅಂದರು.

ಈಗ ಅವನ್ನು ವಾಪಸ್ ಜೋಡಿಸಿದ ರಾತ್ರಿಯ ವಿಷಯ.

ಶುಕ್ರವಾರ ಆಫೀಸ್ ಮುಗಿಸಿ ಜೋಡಿಸಲು ಕೂತೆ. ಈ ಎಂಜಿನ್ನಿನಲ್ಲಿ ಇಂಜೆಕ್ಟರ್‌ಗಳು ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುತ್ತವೆ. ಕೈ ಸರಿಯಾಗಿ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನಾಲ್ಕಕ್ಕೂ ಪೆಟ್ರೋಲ್ ಕೊಡುವ ಕೊಳವೆ, ಅಂದರೆ ರೈಲ್, ಕೂರಿಸಿ ಬೋಲ್ಟ್ ಬಿಗಿ ಮಾಡಿದಾಗ ಹತ್ತೂವರೆ. ಕೀ ತಿರುಗಿಸಿ ಸ್ಟಾರ್ಟ್ ಮಾಡೇ ಬಿಡೋಣ ಅಂದೆ. ಮಾವ ಬ್ಯಾಡ್ರಿ ಅಂದರು. ಮೊದಲು ಬರೀ ಪಂಪು ಓಡಿಸಿ ನೋಡಬೇಕು ಅಂದರು. ಈ ಕಾರಿನಲ್ಲಿ ಸುಮ್ನೆ ಕೀ ಆನ್ ಮಾಡಿದರೆ ಪೆಟ್ರೋಲ್ ಪಂಪು ಓಡುವುದಿಲ್ಲ. ಬಾನೆಟ್ಟಿನ ಕೆಳಗಿರುವ ಪುಟ್ಟ ಡಯಾಗ್ನೋಸಿಸ್ ಡಬ್ಬಿಯಲ್ಲಿ ಎರಡು ಪಿನ್‌ಗಳಿಗೆ ತಂತಿ ಜೋಡಿಸಬೇಕು. ನಾನು ಬೇಸರದಿಂದಲೇ ಜೋಡಿಸಿದೆ. ಮಾವ ಟಾರ್ಚ್ ಹಿಡಿದು ಕೆಳಗೆ ಬಗ್ಗಿದ್ದರು. ಐದು ಸೆಕೆಂಡ್ ಆಗಿರಬೇಕು. "ಆಫ್! ಆಫ್ ಮಾಡ್ರಿ!" ಅಂತ ಕೂಗಿದರು.

ಎರಡನೇ ಇಂಜೆಕ್ಟರಿನ ತಲೆಯಿಂದ ಪೆಟ್ರೋಲ್ ಸುರಿಯುತ್ತಿತ್ತು. ಅವಸರದಲ್ಲಿ ಓ ರಿಂಗ್, ಅಂದರೆ ಸೋರದಂತೆ ತಡೆಯುವ ಪುಟ್ಟ ಬಳೆ, ಸಿಕ್ಕಿ ಕತ್ತರಿಸಿ ಹೋಗಿತ್ತು. ನಾನು ಹೇಳಿದ ಹಾಗೆ ಸ್ಟಾರ್ಟ್ ಮಾಡಿದ್ದರೆ, ಒಂದು ಕಿಡಿ ಸಾಕಿತ್ತು. ಮೇಲೆ ಮಕ್ಕಳು ಮಲಗಿದ್ದರು.

ನನ್ನ ಕೈಕಾಲು ನಡುಗಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಏನಾಯಿತೋ ಗೊತ್ತಿಲ್ಲ, ಅಳು ಬಂತು. ಫೆಬ್ರವರಿಯಲ್ಲಿ ಬಾರದ ಅಳು. ಈ ಕಾರಿಗೆ ಒಂದು ತಿಂಗಳು ಸಂಜೆಗಳನ್ನೆಲ್ಲ ಕೊಟ್ಟೆ, ಅಮ್ಮನ ಹತ್ತಿರ ಕೊನೆಯ ಒಂದು ವಾರ ಇರಲು ನನಗೆ ರಜೆ ಇರಲಿಲ್ಲ, ನಾನು ಬೆಂಗಳೂರಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು, ಫ್ರಾಂಕ್‌ಫರ್ಟಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಳ್ಳುತ್ತಿದ್ದೆ ಆಗ, ಅಂತೆಲ್ಲ ಮಾವನ ಮುಂದೆ ಹೇಳಿದೆ. ಹೆಂಡತಿಗೂ ಹೀಗೆ ಹೇಳಿರಲಿಲ್ಲ.

ಮಾವ ಸಮಾಧಾನದ ಮಾತು ಆಡಲಿಲ್ಲ. ಮೊದಲು ಬ್ಯಾಟರಿಯ ತಂತಿ ಕಳಚಿದರು. ಗ್ಯಾರೇಜಿನ ದೊಡ್ಡ ಬಾಗಿಲನ್ನು ಕೈಯಿಂದಲೇ ಎತ್ತಿದರು, ಸ್ವಿಚ್ ಒತ್ತಲಿಲ್ಲ. ಚೆಲ್ಲಿದ ಪೆಟ್ರೋಲನ್ನು ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಅಂಗಳದ ಆಚೆ ಹರವಿದರು. ಆಮೇಲೆ ಒಂದು ಬಕೆಟ್ ಬೋರಲು ಹಾಕಿಕೊಂಡು ನನ್ನ ಪಕ್ಕ ಕೂತರು. ಚಳಿ ಇತ್ತು, ಅವರ ಮೈಮೇಲೆ ಒಂದು ತೆಳು ಸ್ವೆಟರ್. ಬಹಳ ಹೊತ್ತಾದ ಮೇಲೆ, "ನಿಮ್ಮ ತಾಯೇರು ಈ ಗಾಡ್ಯಾಗ ಕುಂತಿದ್ದು ಯಾವ ಕಡೆ ಸೀಟು?" ಅಂತ ಕೇಳಿದರು. ಬಲಗಡೆ ಅಂದೆ. ಹೂಂ ಅಂದರು.

ಹನ್ನೆರಡರ ಹೊತ್ತಿಗೆ ಕ್ಯಾಂಟನ್ ಊರಿನಿಂದ ಗೆಳೆಯ ಓ ರಿಂಗ್ ಡಬ್ಬಿ ತಂದುಕೊಟ್ಟ. ಪೆಟ್ರೋಲ್ ತಡೆಯುವ ವೈಟಾನಿನವು, ಮಾಮೂಲಿ ರಬ್ಬರಿನವು ಆಗುವುದಿಲ್ಲ. ಮಾವ ನಾಲ್ಕನ್ನೂ ಮತ್ತೆ ಬಿಚ್ಚಿಸಿದರು. ಹೊಸ ರಿಂಗುಗಳನ್ನು ಒಂದೊಂದಾಗಿ ಉಗುರಿನಲ್ಲಿ ಸವರಿ ನೋಡಿದರು, ಹೊಸ ಎಂಜಿನ್ ಆಯಿಲ್ ಹಚ್ಚಿದರು, ನನ್ನ ಕೈ ಹಿಡಿದು ನೇರವಾಗಿ, ಸ್ವಲ್ಪ ತಿರುಗಿಸುತ್ತಾ ಒತ್ತಿಸಿದರು. ರೈಲ್ ಬಿಗಿ ಮಾಡಿದ ಮೇಲೆ ಪ್ರತಿ ಇಂಜೆಕ್ಟರನ್ನೂ ಬೆರಳಲ್ಲಿ ತಿರುಗಿಸಿ ನೋಡಲು ಹೇಳಿದರು. ತಿರುಗಿದರೆ ಕೂತಿದೆ, ಬಿಗಿಯಾಗಿದ್ದರೆ ರಿಂಗ್ ಸಿಕ್ಕಿದೆ. ನಾಲ್ಕೂ ತಿರುಗಿದವು. ಆಗಲೂ ಪಂಪು ಓಡಿಸಲು ಬಿಡಲಿಲ್ಲ. ವಾಸನೆ ಪೂರ್ತಿ ಹೋಗಲಿ, ಬೆಳಕಿನಲ್ಲಿ ನೋಡೋಣ ಅಂದರು. ಆಗ ಮೂರು ಗಂಟೆ. ಎಪ್ಪತ್ತೊಂದು ವರ್ಷದ ಅವರು ಒಂದು ಸಲವೂ ಒಳಗೆ ಹೋಗಿ ಮಲಗಲಿಲ್ಲ.

ಮಾವ, ಇದನ್ನು ನಿಮ್ಮ ಎದುರಿಗೆ ಹೇಳಲು ನನಗೆ ಬಾಯಿ ಬರಲ್ಲ. ನೀವು ಓದುತ್ತೀರಿ ಅಂತ ಗೊತ್ತು, ಮಗಳು ಓದಿ ಹೇಳುತ್ತಾಳೆ. ಆ ರಾತ್ರಿ ನೀವು ನನ್ನ ಮನೆ ಉಳಿಸಿದಿರಿ. ಅದಕ್ಕಿಂತ ಜಾಸ್ತಿ, ನನ್ನನ್ನು ಮಾತಾಡಲು ಬಿಟ್ಟಿರಿ. ನನ್ನ ಅಪ್ಪ ಬೇಗ ಹೋದರು. ಒಬ್ಬ ಗಂಡಸಿನ ಪಕ್ಕ ಹಾಗೆ ಕೂತು ನಾನು ಅತ್ತದ್ದು ಅದೇ ಮೊದಲು. ನಿಮಗೆ ನಾನು ಋಣಿ.

ಬೇರೆಯವರನ್ನೂ ಮರೆತಿಲ್ಲ. ಓ ರಿಂಗ್ ತಂದ ಗೆಳೆಯ, ಹೊಟೇಲ್ ಬೇಡ ಅಂತ ತಿಂಗಳುಗಟ್ಟಲೆ ಸಾರು ಪಲ್ಯ ಕಳಿಸಿದ ಕನ್ನಡದ ಮನೆಗಳು, ಟಾರ್ಕ್ ರೆಂಚ್ ಕೊಟ್ಟು ವಾಪಸ್ ಕೇಳದ ಪಕ್ಕದ ಮನೆಯವರು, ನಾನು ಊರಲ್ಲಿದ್ದಾಗ ಮನೆ, ಮಕ್ಕಳು, ತನ್ನ ಕೆಲಸ ಎಲ್ಲ ಹೊತ್ತ ನನ್ನ ಹೆಂಡತಿ, ನಿಮಗೆಲ್ಲ ಮನಸಾರೆ ವಂದನೆ.

ಶನಿವಾರ ಬೆಳಕಿನಲ್ಲಿ ಪಂಪು ಓಡಿಸಿ ನೋಡಿದೆವು, ಒಂದು ಹನಿ ಇಲ್ಲ. ಭಾನುವಾರ ಚಾವಣಿ ಮಡಿಸಿ ವುಡ್‌ವರ್ಡ್ ರಸ್ತೆಗೆ ಹೋದೆವು. ಮಾವ ಬಲಗಡೆ ಸೀಟಿನಲ್ಲಿ ಕೂತರು. ಕೂರುವ ಮುಂಚೆ ಸೀಟನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ದಾರಿಯುದ್ದಕ್ಕೂ ಮಾತಿಲ್ಲ, ತಲೆ ಮುಂದಕ್ಕೆ ಬಾಗಿಸಿ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು. ಎರಡನೇ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಕಡೆ ತಿರುಗಿ, "ನಾಲ್ಕೂ ಮಾತಾಡ್ತಾ ಅದಾವ ನೋಡ್ರಿ," ಅಂದರು.

ಗುರುವಾರ ಅವರ ವಿಮಾನ. ಸೂಟ್‌ಕೇಸಿನಲ್ಲಿ ಹರಿವಿನ ಆ ಕಾಗದ ಇದೆ, ಅದರ ಮಡಿಕೆಯೊಳಗೆ ಕತ್ತರಿಸಿ ಹೋದ ಆ ಓ ರಿಂಗ್. ತಮ್ಮ ಅಂಗಡಿಯಲ್ಲಿ ಕಲಿತ ಹುಡುಗರು ಈಗ ತಮ್ಮದೇ ಅಂಗಡಿ ಇಟ್ಟಿದ್ದಾರೆ, ಅವರಿಗೆ ತೋರಿಸಬೇಕಂತೆ.