ಯೋನಾತಾನನ ಕೈಯಲ್ಲಿದ್ದದ್ದು ಫಿರಂಗಿಯಲ್ಲ

ಮಾನ್ಯ ಸಂಪಾದಕರೇ,

ಹಳೆಯ ಇಂಗ್ಲಿಷಿನ ಯುದ್ಧಪದಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದಲ್ಲಿ ಅಪರೂಪವಾದ ಈ ವಿಷಯವನ್ನು ಕೈಗೆತ್ತಿಕೊಂಡ ಲೇಖಕರ ಬಗ್ಗೆ ನನಗೆ ಗೌರವವಿದೆ. ಆದರೆ 1611ರ ಇಂಗ್ಲಿಷ್ ಬೈಬಲಿನ ಒಂದು ವಾಕ್ಯವನ್ನು ಅವರು ‘ಯೋನಾತಾನನು ತನ್ನ ಫಿರಂಗಿಗಳನ್ನು ಹುಡುಗನಿಗೆ ಕೊಟ್ಟನು’ ಎಂದು ಅನುವಾದಿಸಿರುವುದನ್ನು ನೋಡಿ ಈ ಪತ್ರ ಬರೆಯಬೇಕಾಯಿತು.

ಮೂಲದಲ್ಲಿರುವ ಪದ ‘ಆರ್ಟಿಲರಿ’. ಹೊಲದಲ್ಲಿ ಅಡಗಿರುವ ಗೆಳೆಯ ದಾವೀದನಿಗೆ ಸಂಕೇತವಾಗಲೆಂದು ಯೋನಾತಾನನು ಬಾಣ ಬಿಡುತ್ತಾನೆ, ಹುಡುಗನು ಓಡಿಹೋಗಿ ಅದನ್ನು ಹೆಕ್ಕಿ ತರುತ್ತಾನೆ, ಆ ಬಳಿಕವೇ ‘ಇವನ್ನು ಪಟ್ಟಣಕ್ಕೆ ಒಯ್ಯಿ’ ಎಂದು ತನ್ನ ‘ಆರ್ಟಿಲರಿ’ಯನ್ನು ಅವನ ಕೈಗೆ ಒಪ್ಪಿಸುತ್ತಾನೆ. ಒಬ್ಬ ಹುಡುಗನು ಹೊತ್ತು ನಡೆಯಬಹುದಾದ ಫಿರಂಗಿ ಯಾವುದೆಂದು ಅನುವಾದಕರಿಗೆ ಕ್ಷಣಕಾಲವಾದರೂ ಅನುಮಾನ ಬರಬೇಕಿತ್ತು. ಅಲ್ಲಿರುವುದು ಬಿಲ್ಲು ಬಾಣಗಳೇ. ಆ ಕಾಲದ ಇಂಗ್ಲಿಷಿನಲ್ಲಿ ಈ ಪದವು ದೂರಕ್ಕೆ ಎಸೆಯುವ, ಹೊಡೆಯುವ ಆಯುಧಗಳಿಗೆಲ್ಲ ಸಲ್ಲುತ್ತಿತ್ತು. ಎಂಟನೆಯ ಹೆನ್ರಿ 1537ರಲ್ಲಿ ಸನ್ನದು ಕೊಟ್ಟ, ಇಂದಿಗೂ ಹೆಸರಿನಲ್ಲಿ ‘ಆರ್ಟಿಲರಿ’ಯನ್ನು ಉಳಿಸಿಕೊಂಡಿರುವ ಲಂಡನ್ನಿನ ಸಂಘವು ಉದ್ದಬಿಲ್ಲು, ಅಡ್ಡಬಿಲ್ಲು ಮತ್ತು ಕೈಕೋವಿಗಳ ಅಭ್ಯಾಸಕ್ಕೆಂದು ಹುಟ್ಟಿದ್ದು. ತೋಪುಗಳೇ ರಣರಂಗವನ್ನು ಆಳತೊಡಗಿದ ಮೇಲೆ ಪದವೂ ಅವುಗಳ ಪಾಲಾಯಿತು.

ಅದೇ ಬೈಬಲಿನಲ್ಲಿ ಅರಸ ಸೊಲೊಮೋನನು ಬಂಗಾರದಲ್ಲಿ ಮಾಡಿಸಿದ ಇನ್ನೂರು ‘ಟಾರ್ಗೆಟ್’ಗಳೂ ಲೇಖನದಲ್ಲಿ ‘ಗುರಿಹಲಗೆ’ಗಳಾಗಿವೆ. ಒಂದೊಂದಕ್ಕೂ ಆರುನೂರು ಶೆಕೆಲ್ ತೂಕದ ಬಂಗಾರ ತಗಲಿತೆಂದು ಅದೇ ವಾಕ್ಯ ಹೇಳುತ್ತದೆ. ಬಾಣ ನೆಡುವುದಕ್ಕೆ ಯಾವ ಅರಸನೂ ಅಷ್ಟು ಬಂಗಾರ ಸುರಿಯಲಾರ. ‘ಟಾರ್ಗೆಟ್’ ಎಂದರೆ ಆಗ ಗುರಾಣಿ, ಸಾಮಾನ್ಯವಾಗಿ ದುಂಡನೆಯ ಸಣ್ಣ ಗುರಾಣಿ. ಬಿಲ್ಲುಗಾರರು ನೆಟ್ಟು ಹೊಡೆಯುವ ದುಂಡುಹಲಗೆಗೆ ಆ ಹೆಸರು ಅಂಟಿಕೊಂಡದ್ದು 18ನೆಯ ಶತಮಾನದಲ್ಲಿ. ಏಟನ್ನು ತಡೆಯುವ ವಸ್ತುವಿನ ಹೆಸರು ಏಟು ತಿನ್ನುವ ವಸ್ತುವಿನ ಹೆಸರಾದ ಈ ಸ್ವಾರಸ್ಯವೇ ಅನುವಾದದಲ್ಲಿ ಸೋರಿಹೋಗಿದೆ.

1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಯುಧಪದಗಳೆಲ್ಲ ಫ್ರೆಂಚಿಗೆ ತಿರುಗಿದವು ಎಂಬ ಲೇಖಕರ ಮಾತನ್ನೂ ಒಪ್ಪಲಾಗದು. ಆರ್ಮರ್ (ಕವಚ), ಲಾನ್ಸ್ (ಭರ್ಜಿ), ಸೀಜ್ (ಮುತ್ತಿಗೆ), ಬ್ಯಾಟಲ್, ಸೋಲ್ಜರ್ ಇವು ಫ್ರೆಂಚಿನಿಂದ ಬಂದವು, ನಿಜ. ಆದರೆ ಸ್ವೋರ್ಡ್, ಶೀಲ್ಡ್, ಸ್ಪಿಯರ್, ಬೋ, ಆ್ಯರೋ ಎಲ್ಲವೂ ಹಳೆಯ ನೆಲದ ಪದಗಳೇ, ಕದಲದೆ ಉಳಿದವು. ನಿಜಕ್ಕೂ ಕಳೆದುಹೋದದ್ದು ಹಳೆಯ ಇಂಗ್ಲಿಷ್ ಕವಿಗಳ ಪದಭಂಡಾರ. ಕತ್ತಿಯೊಂದಕ್ಕೇ ‘ಬಿಲ್’, ‘ಮೇಚೆ’, ‘ಹೆಯೊರು’ ಎಂಬ ಪರ್ಯಾಯಪದಗಳಿದ್ದವು. ‘ಸಮರದ ಬೆಳಕು’ ಎಂಬರ್ಥದ ‘ಹಿಲ್ಡೆಲೆಯೊಮ’ ಎಂಬ ಸಮಾಸವೂ ಕತ್ತಿಯನ್ನೇ ಸೂಚಿಸುತ್ತಿತ್ತು. 991ರ ಮಾಲ್ಡನ್ ಕಾಳಗವನ್ನು ಕುರಿತ ಪದ್ಯದಲ್ಲಿ ಬಿರ್ಟ್‌ನೋತ್ ಎಂಬ ದೊರೆಯು ವೈಕಿಂಗರ ದೂತನಿಗೆ ಉತ್ತರ ಕೊಡುವ ಮುನ್ನ ‘ಹಲಗೆಯನ್ನು ಎತ್ತಿ, ತೆಳುವಾದ ಆ್ಯಶ್ ಮರವನ್ನು ಝಳಪಿಸುತ್ತಾನೆ’. ಹಲಗೆ ಎಂದರೆ ಗುರಾಣಿ, ಆ್ಯಶ್ ಎಂದರೆ ಆ ಮರದ ಹಿಡಿಯುಳ್ಳ ಈಟಿ. ಪದಕ್ಕೆ ಪದವಿಟ್ಟು ಅನುವಾದಿಸಿದರೆ ದೊರೆಯು ಬಡಗಿಯಂತೆ ಕಾಣುತ್ತಾನೆ. ಈಟಿಗೆ ಇದ್ದ ‘ಗಾರ್’ ಎಂಬ ಇನ್ನೊಂದು ಪದ ಇಂದು ಉಳಿದಿರುವುದು ಬೆಳ್ಳುಳ್ಳಿಯ ಇಂಗ್ಲಿಷ್ ಹೆಸರಿನಲ್ಲಿ. ಎಸಳಿನ ಆಕಾರ ಈಟಿಯ ಮೊನೆಯಂತಿರುವುದರಿಂದ ‘ಗಾರ್ಲಿಕ್’.

‘ಗನ್’ ಎಂಬ ಪದ ಸಿಡಿಮದ್ದಿನ ಜೊತೆಗೇ ಹುಟ್ಟಿತೆಂಬುದೂ ಸರಿಯಲ್ಲ. 1330ರ ಹೊತ್ತಿನ ವಿಂಡ್ಸರ್ ಕೋಟೆಯ ಆಯುಧಪಟ್ಟಿಯಲ್ಲಿ ದೊಡ್ಡದೊಂದು ಬಾಣಯಂತ್ರಕ್ಕೆ ‘ಗುನಿಲ್ಡ ದೊರೆಸಾನಿ’ ಎಂಬ ಹೆಸರಿದೆ. ಹೆಂಗಸಿನ ಈ ಹೆಸರಿನಿಂದಲೇ ಪದ ಬಂದಿತೆಂಬುದು ನಿಘಂಟುಕಾರರ ಒಲವು. ಹಳೆಯ ಸ್ಕ್ಯಾಂಡಿನೇವಿಯಾದ ನುಡಿಯಾದ ನಾರ್ಸ್‌ನಲ್ಲಿರುವ ಅದರ ಮೂಲರೂಪದ ಎರಡು ತುಂಡುಗಳಿಗೂ ಯುದ್ಧ ಎಂದೇ ಅರ್ಥ.

ಪದದ ಇಂದಿನ ಅರ್ಥವನ್ನಷ್ಟೇ ಕೊಡುವ ಕೈನಿಘಂಟು ಇಂಥ ಕೆಲಸಕ್ಕೆ ಸಾಲದು. ಯಾವ ಅರ್ಥ ಯಾವ ಶತಮಾನದ್ದೆಂದು ಉದಾಹರಣೆಸಹಿತ ತೋರಿಸುವ ಚಾರಿತ್ರಿಕ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಮೇಲಿನ ಎರಡು ಅನುವಾದಗಳಿಗೆ ತಿದ್ದುಪಡಿ ಪ್ರಕಟಿಸುವಿರೆಂದು ನಂಬಿದ್ದೇನೆ. ಮುಂದಿನ ಕಂತು ಷೇಕ್ಸ್‌ಪಿಯರನ ಕಾಲದ್ದೆಂದು ತಿಳಿಸಿದ್ದೀರಿ. ಮ್ಯಾಕ್‌ಬೆತ್ ಸಾಯುವುದಾದರೆ ಬೆನ್ನ ಮೇಲೆ ‘ಹಾರ್ನೆಸ್’ ಹೊತ್ತೇ ಸಾಯುವೆನೆಂದು ಗರ್ಜಿಸುವ ಮಾತು ಅಲ್ಲಿ ಬರಬಹುದು. ಆ ಪದಕ್ಕೆ ಅಲ್ಲಿ ಯೋಧನ ಕವಚ ಎಂದರ್ಥ. ದಯವಿಟ್ಟು ಅವನ ಬೆನ್ನಿಗೆ ಕುದುರೆಯ ಸಜ್ಜು ಬಿಗಿಯದಿರಿ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಇಂಗ್ಲಿಷ್ ಅಧ್ಯಾಪಕ