ನಿಮ್ಮ ಲೆಕ್ಕದ ಸಾಫ್ಟ್‌ವೇರ್ ವಿಳಾಸದಲ್ಲಿ ಇನ್ನು 8080 ಇರುವುದಿಲ್ಲ

ಮಾನ್ಯ ಗ್ರಾಹಕರಿಗೆ ಶರಣು ಶರಣಾರ್ಥಿಗಳು,

ಬರುವ ಭಾನುವಾರ ರಾತ್ರಿ, ಗಂಜ್ (ಧಾನ್ಯ ಮಾರುಕಟ್ಟೆ) ಬಂದ್ ಇರುವ ಹೊತ್ತಿನಲ್ಲಿ, ಸರ್ವರ್ ಬದಲಾವಣೆ ಮಾಡುತ್ತಿದ್ದೇವೆ. ಸೋಮವಾರದಿಂದ ವಿಳಾಸದಲ್ಲಿರುವ 8080 (ಸರ್ವರ್‌ನ ಬಾಗಿಲಿನ ಸಂಖ್ಯೆ, ಅಂದರೆ ಪೋರ್ಟ್) ಬಿಟ್ಟು ಟೈಪ್ ಮಾಡಿ. ಹಳೆಯ ಬುಕ್‌ಮಾರ್ಕ್ ತೆರೆಯುವುದಿಲ್ಲ. ವಿಳಾಸ ಬೇರೆಯಾದ್ದರಿಂದ ಬ್ರೌಸರ್ ಉಳಿಸಿಕೊಂಡ ಪಾಸ್‌ವರ್ಡ್ ತಾನಾಗಿ ಬರಲಿಕ್ಕಿಲ್ಲ. ಮರೆತಿದ್ದರೆ ಶನಿವಾರದೊಳಗೇ ಫೋನ್ ಮಾಡಿ. ಸೋಮವಾರ ಬೆಳಿಗ್ಗೆ ಸವಾಲಿನ (ಹರಾಜಿನ) ಹೊತ್ತಿಗೆ ಯಾರ ಪಟ್ಟಿಯೂ (ಮಾರಾಟದ ಬಿಲ್ಲೂ) ನಿಲ್ಲಬಾರದು.

ಇದುವರೆಗೆ ನಿಮ್ಮ ಬ್ರೌಸರ್ ನೇರವಾಗಿ ಟಾಮ್‌ಕ್ಯಾಟ್‌ಗೆ ಬರುತ್ತಿತ್ತು. ನಮ್ಮ ಜಾವಾ ಪ್ರೋಗ್ರಾಮ್ ನಡೆಸುವ ಸರ್ವರ್ ಅದು. ಇನ್ನು ಮುಂದೆ ಅದರ ಎದುರಿಗೆ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಇರುತ್ತದೆ. 443 ಪೋರ್ಟ್‌ನಲ್ಲಿ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಮೂಲಕ ನಿಮ್ಮ ಕೋರಿಕೆ ತೆಗೆದುಕೊಂಡು ಒಳಗಿನ ಟಾಮ್‌ಕ್ಯಾಟ್‌ಗೆ ದಾಟಿಸುತ್ತದೆ. ಟಾಮ್‌ಕ್ಯಾಟ್ ಹೊರಗಿನವರಿಗೆ ಕಾಣುವುದೇ ಇಲ್ಲ. ತೊಗರಿ ಸುಗ್ಗಿಯ ನಡುವೆ ನಾವು ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಬೇಕಾಗಿ ಬಂದರೆ, ಖಾಲಿ ಪರದೆಯ ಬದಲು 'ಸ್ವಲ್ಪ ಹೊತ್ತು ಕಾಯಿರಿ' ಎಂಬ ಕನ್ನಡದ ಪುಟ ಕಾಣುತ್ತದೆ.

ಇವೆರಡನ್ನೂ ಜೋಡಿಸಲು ಎಜೆಪಿ ಎಂಬ ಹಳೆಯ ದಾರಿಯೂ ಇದೆ, 8009 ಪೋರ್ಟ್‌ನದು. ನಾವು ಅದನ್ನು ಬಳಸುತ್ತಿಲ್ಲ. 2020ರಲ್ಲಿ 'ಘೋಸ್ಟ್‌ಕ್ಯಾಟ್' ಹೆಸರಿನ ದೋಷ ಹೊರಬಿದ್ದಾಗ, ಆ ಪೋರ್ಟ್ ತೆರೆದಿಟ್ಟ ಸರ್ವರ್‌ಗಳ ಒಳಗಿನ ಫೈಲ್‌ಗಳನ್ನು ಹೊರಗಿನವರು ಓದಬಹುದಿತ್ತು. ಟಾಮ್‌ಕ್ಯಾಟ್ 9.0.31ರಲ್ಲಿ ಅದು ಸರಿಹೋಯಿತು. ಆದರೂ ನಿಮ್ಮ ರೈತರ ಬಾಕಿ, ಬ್ಯಾಂಕ್ ಖಾತೆ ಎಲ್ಲ ಇರುವ ಕಡೆ ಬೇಡದ ಬಾಗಿಲು ಇಡುವುದು ನಮಗೆ ಒಪ್ಪಿಗೆಯಿಲ್ಲ.

ನಾವು ಹೆಚ್ಚು ಹೊತ್ತು ಕೂತು ನೋಡಿದ್ದು ಬೇರೊಂದನ್ನು. ನಡುವೆ ಅಪಾಚೆ ಬಂದರೆ ಟಾಮ್‌ಕ್ಯಾಟ್ ಲೆಕ್ಕದಲ್ಲಿ ಎಲ್ಲ ಎಂಟ್ರಿಯೂ 127.0.0.1ರಿಂದಲೇ, ಅಂದರೆ ಸರ್ವರ್‌ನ ಸ್ವಂತ ವಿಳಾಸದಿಂದಲೇ, ಬಂದಂತೆ ದಾಖಲಾಗುತ್ತದೆ. ಹಾಗಾದರೆ, ಒಂದು ಪಟ್ಟಿಯ ದರ ತಿದ್ದಿದ್ದು ಅಡತ್ ಅಂಗಡಿಯಿಂದಲೋ ಮಿಲ್ಲಿನಿಂದಲೋ ಎಂದು ನೀವು ಕೇಳಿದರೆ ಹೇಳಲು ಬರುವುದಿಲ್ಲ. ಅದಕ್ಕೇ ಅಪಾಚೆ ಕಳಿಸುವ ನಿಜವಾದ ಐಪಿ ವಿಳಾಸವನ್ನು (ನಿಮ್ಮ ಇಂಟರ್ನೆಟ್ ಸಂಪರ್ಕದ ಸಂಖ್ಯೆ) ಓದುವ ರಿಮೋಟ್ ಐಪಿ ವಾಲ್ವ್ ಎಂಬ ಟಾಮ್‌ಕ್ಯಾಟ್ ಭಾಗವನ್ನು ಹಾಕಿದ್ದೇವೆ. ತಿದ್ದುಪಡಿ ರಿಪೋರ್ಟ್ ಮೊದಲಿನಂತೆಯೇ ಬರುತ್ತದೆ.

ವರ್ಷದ ಖಾತೆ ರಿಪೋರ್ಟ್ ತೆಗೆಯುವವರಿಗೆ: ಅಪಾಚೆ ಸಾಮಾನ್ಯವಾಗಿ ಉತ್ತರಕ್ಕೆ 60 ಸೆಕೆಂಡ್ ಕಾದು ಕೈಬಿಡುತ್ತದೆ. ಆ ರಿಪೋರ್ಟಿಗೆ ಮಾತ್ರ 300 ಸೆಕೆಂಡ್ ಕೊಟ್ಟಿದ್ದೇವೆ, ಮತ್ತೆ ಮತ್ತೆ ಬಟನ್ ಒತ್ತಬೇಡಿ.

ಶುಲ್ಕದಲ್ಲಿ ಬದಲಾವಣೆಯಿಲ್ಲ. ಸೋಮವಾರ ಬೆಳಿಗ್ಗೆ ನಮ್ಮವರೊಬ್ಬರು ಗಂಜ್‌ನಲ್ಲೇ ಇರುತ್ತಾರೆ. ತೊಂದರೆಯಾದರೆ ಕರೆಯಿರಿ, ಅಂಗಡಿಗೇ ಬರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಾಫ್ಟ್‌ವೇರ್ ಸೇವಾ ತಂಡ, ಕಲಬುರಗಿ