ಡಿಸ್ಟ್ರಾಯ್ ಆಗಿದ್ದು ಏನು ಮಾರಾಯ?

ಮಾರಾಯ,

ಕತೆ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ, ಅದಕ್ಕೇ ಇಷ್ಟು ತಡ. ಇಂಗ್ಲಿಷಿನಲ್ಲಿ ಬರೆದಿದ್ದಕ್ಕೆ ಬೈತೀನಿ ಅಂತ ಹೆದರಿದ್ದೀಯಲ್ಲ, ಬೈಯುವುದಿಲ್ಲ. ಯಾವ ಪತ್ರಿಕೆಗೆ ಕಳಿಸಲಿ, ಎಷ್ಟು ಪದ ಇರಬೇಕು, ಏಜೆಂಟ್ ಬೇಕಾ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಕೊನೆಯಲ್ಲಿ "ನನಗೆ ಬರೆಯೋಕೇ ಬರಲ್ಲ ಅನ್ಸುತ್ತೆ" ಅಂತ ಒಂದು ಸಾಲು ಸೇರಿಸಿದ್ದೀಯಲ್ಲ, ಅದು ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಹದಿನಾಲ್ಕು ಪುಟದಲ್ಲಿ ಡಿಸ್ಟ್ರಾಯ್ ಹನ್ನೊಂದು ಸಲ ಬಂದಿದೆ. ಮಳೆ ರಸ್ತೆಯನ್ನು ಡಿಸ್ಟ್ರಾಯ್ ಮಾಡುತ್ತದೆ, ಕುಡಿತ ಅಪ್ಪನನ್ನು, ಮಂಗ ಬಾಳೆಗೊನೆಯನ್ನು, ಒಂದು ವಾಟ್ಸಾಪ್ ಮೆಸೇಜು ನಿನ್ನ ನಾಯಕನನ್ನು. ಆಮೇಲೆ ನಿನಗೇ ಬೇಜಾರಾಗಿರಬೇಕು, ಕೊಳೆರೋಗ ಬಂದು ತೋಟ ಆನಿಹಿಲೇಟ್ ಆಯಿತು ಅಂತ ಬರೆದೆ. ಆ ಪದದ ಹೊಟ್ಟೆಯಲ್ಲಿ ಲ್ಯಾಟಿನ್ನಿನ ನಿಹಿಲ್ ಇದೆ, ಅಂದರೆ ಏನೂ ಇಲ್ಲ. ಇತ್ತು ಅನ್ನುವ ಗುರುತೂ ಉಳಿಯಬಾರದು. ನಿಮ್ಮ ಮರಗಳು ನಿಂತೇ ಇದ್ದವಲ್ಲ? ಕೊಳೆ ಬಂದರೆ ಏನಾಗುತ್ತೆ ಅಂತ ನಾನು ನಿನಗೆ ಹೇಳಬೇಕಾ! ಎಳೆ ಅಡಿಕೆಯ ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು ಹಸಿರಿನ ಕಲೆ, ಬೆಳಿಗ್ಗೆ ಹೋಗಿ ನೋಡಿದರೆ ಬುಡದ ತುಂಬ ಉದುರಿದ ಕಾಯಿ, ಎರಡು ದಿನ ಬಿಟ್ಟರೆ ಅದರ ಮೇಲೆ ಬಿಳಿ ಬೂಸ್ಟು. ಮಳೆ ಬಿಡದೆ ಬೋರ್ಡೋ ಔಷಧಿ ಹೊಡೆಯೋಕಾಗದೆ ಅಪ್ಪ ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದ ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಕತೆಯಲ್ಲಿ ಅದು ಯಾಕಿಲ್ಲ? ಆನಿಹಿಲೇಟ್ ಬಂದು ಕೂತಿದೆ, ಅದಕ್ಕೇ ಇಲ್ಲ. ತಮಾಷೆ ಏನು ಗೊತ್ತಾ, ಇಂಗ್ಲಿಷಿನ ಸಸ್ಯರೋಗದ ಪುಸ್ತಕಗಳೇ ಆ ರೋಗಕ್ಕೆ ನಮ್ಮ ಕೊಳೆರೋಗ ಅನ್ನುವ ಪದವನ್ನು ತಗೊಂಡಿವೆ. ಅವರು ನಮ್ಮ ಹತ್ತಿರ ಸಾಲ ಮಾಡಿದ್ದಾರೆ, ನೀನು ಅವರ ದೊಡ್ಡ ಪದ ಹುಡುಕಿಕೊಂಡು ಹೋಗಿದ್ದೀಯ.

ಕನ್ನಡದಲ್ಲಿ ನಾವು ತೆಂಗಿನಕಾಯಿ ಒಡೆಯುತ್ತೇವೆ, ಕೋಲು ಮುರಿಯುತ್ತೇವೆ, ಹಗ್ಗ ಹರಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಮಗು ಕೂಡ ನಗುತ್ತೆ. ಇಂಗ್ಲಿಷ್ ಈ ಮೂರಕ್ಕೂ ಬ್ರೇಕ್ ಅಂತ ಹೇಳಿ ಮುಗಿಸುತ್ತದೆ. ಹಾಗಂತ ಅದು ದಡ್ಡ ಭಾಷೆ ಅಂದುಕೊಳ್ಳಬೇಡ. ಹಾಳಾಗುವ ವಿಷಯಕ್ಕೆ ಬಂದರೆ ಅದು ಬೇರೆ ಪ್ರಶ್ನೆ ಕೇಳುತ್ತೆ: ಯಾರು ಮಾಡಿದ್ದು, ಬೇಕಂತ ಮಾಡಿದ್ದಾ, ಎಷ್ಟು ಉಳಿದಿದೆ? ಒಂಬತ್ತನೇ ಪುಟದಲ್ಲಿ ಜೆಸಿಬಿ ಬಂದು ಚಾದಂಗಡಿ ಕೆಡವುತ್ತದಲ್ಲ, ಅಲ್ಲಿ ಡೆಮಾಲಿಷ್ ಬೇಕು. ಕಟ್ಟಿದ್ದನ್ನು ಬೇಕಂತಲೇ ಕೆಡವೋದು ಅದು. ನೀನು ಡೆವಸ್ಟೇಟ್ ಅಂತ ಹಾಕಿದ್ದೀಯ, ಅದಕ್ಕೆ ಒಂದು ಸೀಮೆಯೇ ಬರಿದಾಗಬೇಕು, ಇಲ್ಲವೇ ಒಬ್ಬರ ಎದೆ. ರೂಯಿನ್‌ಗೆ ಜೆಸಿಬಿಯೂ ಬೇಡ, ಮಳೆಯಲ್ಲಿ ನೆನೆದ ರೇಷ್ಮೆ ಸೀರೆಗೂ ಆಗುತ್ತೆ, ಸಾಲದಲ್ಲಿ ಮುಳುಗಿದ ಮನೆತನಕ್ಕೂ ಆಗುತ್ತೆ. ರೇಜ್ ಅಂದರೆ ಕೆರೆದು ನೆಲಸಮ ಮಾಡೋದು, ನೀನು ಗಡ್ಡ ಕೆರೆಯುವ ರೇಜರ್ ಕೂಡ ಅದೇ ಬೇರಿನದು. ಆಬ್ಲಿಟರೇಟ್‌ನ ಹಿಂದೆ ಅಕ್ಷರ ಇದೆ, ಬರೆದಿದ್ದನ್ನು ಅಳಿಸುವುದು. ಬರೆಯುವವರು ಆ ಪದ ಮುಟ್ಟುವಾಗ ಸ್ವಲ್ಪ ಭಯ ಇರಲಿ.

ಮತ್ತೆ ಬ್ರಿಟನ್ನಿನಲ್ಲಿ ರೇಸಿನ ಕುದುರೆ ಕಾಲು ಮುರಿದುಕೊಂಡು, ಇನ್ನು ಗುಣವಾಗಲ್ಲ ಅಂತಾದರೆ ಅದಕ್ಕೆ ಸಾವು ಕೊಡುತ್ತಾರಲ್ಲ, ಅದಕ್ಕೂ ಡಿಸ್ಟ್ರಾಯ್ ಅಂತಾರೆ. ಎಷ್ಟು ತಣ್ಣಗಿದೆ ನೋಡು ಅಲ್ಲಿ ಆ ಪದ. ನೀನು ಹನ್ನೊಂದು ಸಲ ಕಿರುಚಿಸಿದ್ದು ಇದನ್ನೇ.

ಡೆಸಿಮೇಟ್ ಬಗ್ಗೆ ನನಗೆ ಹಳೇ ಸಿಟ್ಟಿದೆ, ಸಹಿಸಿಕೋ. ರೋಮಿನ ಸೈನ್ಯದಲ್ಲಿ ಹತ್ತು ಹತ್ತು ಜನರ ಗುಂಪು ಮಾಡಿ ಚೀಟಿ ಎತ್ತಿಸಿ, ಹೆಸರು ಬಂದವನನ್ನು ಉಳಿದ ಒಂಬತ್ತು ಜನರ ಕೈಯಲ್ಲೇ ಬಡಿದು ಸಾಯಿಸುವ ಶಿಕ್ಷೆ ಇತ್ತು. ಗುಲಾಮರ ನಾಯಕ ಸ್ಪಾರ್ಟಕಸ್‌ನ ದಂಗೆಯ ಹೊತ್ತಿಗೆ, ಕ್ರಿ.ಪೂ. 72-71ರ ಸುಮಾರಿಗೆ, ರೋಮಿನ ಸೇನಾಪತಿ ಕ್ರಾಸಸ್ ತನ್ನದೇ ಸೈನಿಕರಿಗೆ ಇದನ್ನು ಮಾಡಿಸಿದ. ಆ ಪದದ ಮೂಲ ಅರ್ಥ ಇದೇ, ಹತ್ತರಲ್ಲಿ ಒಂದು. ಈಗ ಮುಕ್ಕಾಲು ಪಾಲು ಹೋದರೂ ಡೆಸಿಮೇಟ್, ಕ್ರಿಕೆಟ್ಟಿನಲ್ಲಿ ಸೋತರೂ ಡೆಸಿಮೇಟ್. ನಿಘಂಟುಗಳು ಒಪ್ಪಿಕೊಂಡಿವೆ, ನಾನೊಬ್ಬ ಒಪ್ಪದಿದ್ದರೆ ಏನಾಗಬೇಕಿದೆ.

ಇಷ್ಟು ರೇಗೋದಕ್ಕೆ ಕಾರಣ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭಾ ತುಂಬಿ ಹರಿದಾಗ ಒಂದು ಇಂಗ್ಲಿಷ್ ಪತ್ರಿಕೆಗೆ ವರದಿ ಬರೆಯೋಕೆ ಹೋಗಿದ್ದೆ. ನೀರು ಇಳಿದ ಮೇಲೆ ಒಬ್ಬ ಅಜ್ಜಿ ಮನೆ ಮುಂದೆ ಕಟ್ಟೆ ಮೇಲೆ ಕೂತಿದ್ದರು. ಮನೆ ಬಿತ್ತಾ ಅಮ್ಮಾ ಅಂದೆ. "ಬಿದ್ದಿಲ್ರೀ, ನಿಂತೈತಿ. ಒಳಗ ಹೋಗಾಕ ಬರಾಂಗಿಲ್ಲ" ಅಂದರು. ಮಣ್ಣಿನ ಗೋಡೆ ಸೊಂಟದವರೆಗೆ ನೆಂದು ಉಬ್ಬಿತ್ತು. ಕೈ ಇಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ನಾನು ಡ್ಯಾಮೇಜ್ಡ್ ಅಂತ ಬರೆದೆ. ಡೆಸ್ಕಿನಿಂದ ಫೋನ್ ಬಂತು, ಸಪ್ಪೆಯಾಯಿತು, ಡಿಸ್ಟ್ರಾಯ್ಡ್ ಮಾಡಲಾ ಅಂತ. ಮಾಡಿ ಅಂದೆ. ಊರಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ನಮ್ಮ ಮನೆ ಎ ವರ್ಗಕ್ಕೆ ಬಂತಾ, ಬಿಗೆ ಬಂತಾ, ಸಿಗೆ ಬಂತಾ ಅಂತ. ಮನೆ ಎಷ್ಟು ಹಾಳಾಗಿದೆ ಅಂತ ಸರ್ಕಾರ ಮಾಡಿದ ವರ್ಗ ಅವು, ಪರಿಹಾರ ಅದರ ಮೇಲೆಯೇ ನಿಂತಿತ್ತು. ಎಷ್ಟು ಹಾಳಾಗಿದೆ ಅನ್ನೋದನ್ನು ಅವರು ಅಷ್ಟು ಅಳೆದು ತೂಗಿ ಹೇಳುತ್ತಿದ್ದಾಗ ನಾನು ಫೋನಿನಲ್ಲಿ ಒಂದು ನಿಮಿಷದಲ್ಲಿ ಬಿಟ್ಟುಕೊಟ್ಟೆ. ವರದಿಯನ್ನು ತುಂಬಾ ಜನ ಹೊಗಳಿದರು. ಅಜ್ಜಿಯ ಮಾತು ಅದರಲ್ಲಿ ಇರಲೇ ಇಲ್ಲ.

ನಿನಗೆ ಬರೆಯೋಕೆ ಬರುತ್ತೆ. ಆರನೇ ಪುಟದಲ್ಲಿ ನಾಯಿ ಸತ್ತ ಮೇಲೂ ಅಮ್ಮ ಅದರ ತಟ್ಟೆಗೆ ಅನ್ನ ಹಾಕಿಬಿಡುತ್ತಾಳಲ್ಲ, ಅಲ್ಲಿ ಒಂದೂ ದೊಡ್ಡ ಪದ ಇಲ್ಲ, ನಾನು ಪುಸ್ತಕ ಮುಚ್ಚಿಟ್ಟವನ ಹಾಗೆ ಹಾಳೆ ಕೆಳಗಿಟ್ಟೆ. ಅದನ್ನು ಮುಟ್ಟಬೇಡ.

ಊರಿಗೆ ಹೋದಾಗ ನಿಮ್ಮ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಕೇಳು, ಆ ವರ್ಷ ತೋಟಕ್ಕೆ ಏನಾಯಿತು ಅಂತ. ಅವನು ಹೇಳಿದ್ದನ್ನು ಹಾಗೇ ಕನ್ನಡದಲ್ಲಿ ಬರೆದು ಕಳಿಸು. ಇಂಗ್ಲಿಷಿನದು ಆಮೇಲೆ ನೋಡೋಣ.